ಪರಾತದೊಳಗಿನ ಸೀಮೆ

ಬಹಳ ಹಿಂದೆ, ದೊರೆಗಳು ಅರಮನೆಯ ಕಿಟಕಿಯಿಂದಲೇ ನೆಲ ನೋಡುತ್ತಿದ್ದ ಕಾಲದಲ್ಲಿ, ಹಾಲುಗುಡ್ಡ ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ನೆಲದ ಉಸ್ತುವಾರಿಯನ್ನೆಲ್ಲ ಧೂಮಾಕ್ಷನೆಂಬ ಮಾಯಾವಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದ. ಮಾಯಾವಿಯ ಬಳಿ ಅಗಲ ತಟ್ಟೆಯಂಥ ಒಂದು ಹಿತ್ತಾಳೆ ಪರಾತ, ಅದರ ತುಂಬ ರಾಜ್ಯದ ಮಣ್ಣು. ಪರಾತದಲ್ಲಿ ಬೆರಳಿನಿಂದ ಗುಂಡಿ ತೋಡಿದರೆ ಹೊರಗೆ ಕೆರೆಯಾಗುತ್ತಿತ್ತು. ಮಣ್ಣು ಗುಡ್ಡೆ ಮಾಡಿದರೆ ಬೆಟ್ಟ ಏಳುತ್ತಿತ್ತು.

ಅವನು ಒಂದು ಕರಡಿ ಸಾಕಿದ್ದ. ಅದಕ್ಕೆ ಮೊರದಗಲ ಕಿವಿ. ಒಂದು ದಿನ ಅದು ಮನೆಮನೆಗೆ ಹೋಗಿ, ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿತು: "ಪಕ್ಕದ ಮನೆಯ ಮಾತು ಬೇಡ. ನಿನಗೇನು ಬೇಕು?"

ಕುರುಬರ ಬೀರವ್ವ "ಹಟ್ಟಿಯ ಹತ್ತಿರ ಹುಲ್ಲು" ಎಂದಳು. ಅಂಬಿಗರ ಹುಲಿಗೆಪ್ಪ "ಕೆರೆ ಇನ್ನಷ್ಟು ಅಗಲ" ಎಂದ. ಒಕ್ಕಲು ಮನೆಯ ಶಂಕ್ರವ್ವ "ಇನ್ನೊಂದು ಹೊಲ" ಎಂದಳು. ಯಾರೂ ಸುಳ್ಳು ಹೇಳಲಿಲ್ಲ. ಯಾರೂ ಅತಿಯಾಸೆ ಪಡಲಿಲ್ಲ. ಕರಡಿ ಕೇಳಿಸಿಕೊಂಡದ್ದನ್ನೆಲ್ಲ ಧೂಮಾಕ್ಷನಿಗೆ ಒಪ್ಪಿಸಿತು, ಅವನು ರಾತ್ರೋರಾತ್ರಿ ಎಲ್ಲವನ್ನೂ ಒಟ್ಟಿಗೇ ಪರಾತದಲ್ಲಿ ಮಾಡಿಬಿಟ್ಟ.

ಮರುದಿನ ಬೀರವ್ವ ಎದ್ದು ನೋಡಿದರೆ ಹುಲ್ಲು ಬಂದಿತ್ತು, ಮೊಣಕಾಲುದ್ದ ನೀರಿನೊಳಗೆ. ನೀರಿನ ನಡುವೆ ಜೋಳದ ತೆನೆ. ತೆನೆಗಳ ಸಂದಿಯಲ್ಲಿ ಮೀನು ಒದ್ದಾಡುತ್ತಿದ್ದವು. ಗಂಡ ಮಾಳಿಂಗ ಕುರಿ ಹೊಡೆದುಕೊಂಡು ಹತ್ತಿದ್ದ ಗುಡ್ಡವೇ ಕಾಣಲಿಲ್ಲ. ಕುರಿಗಂಟೆಯ ಸದ್ದು ಕೇಳಿ ಓಡಿದಳು. ಸದ್ದು ಬೆನ್ನ ಹಿಂದಿನಿಂದ ಬಂತು. ತಿರುಗಿದಳು, ಈಗ ಎಡಗಡೆಯಿಂದ. ನಿನ್ನೆ ನಡೆದ ದಾರಿ ಇಂದು ಬಾವಿಯೊಳಗೆ ಇಳಿಯುತ್ತಿತ್ತು.

"ನನ್ನ ಹೊಲದಲ್ಲಿ ನಿನ್ನ ಮೀನಿಗೇನು ಕೆಲಸವೋ?" ಎಂದು ಶಂಕ್ರವ್ವ ಜಗಳ ತೆಗೆದಳು.

"ನಿನ್ನ ಜೋಳ ಈಜು ಕಲಿಯಲಿಕ್ಕೆ ಬಂದಿದೆಯೇನಕ್ಕಾ?" ಎಂದ ಹುಲಿಗೆಪ್ಪ.

ಬೀರವ್ವ ಅರಮನೆಯಲ್ಲಿದ್ದ ಮಾಯಾವಿಯ ಬಳಿ ಹೋಗಿ, "ಗುಡ್ಡ ವಾಪಸ್ ಕೊಡು" ಎಂದಳು.

"ಕೇಳಿದ್ದನ್ನೇ ಕೊಟ್ಟಿದ್ದೇನಲ್ಲ ತಾಯಿ. ಪ್ರಜೆಗಳನ್ನು ಕೇಳದೆ ನಾನು ಒಂದು ಹರಳೂ ಸರಿಸುವುದಿಲ್ಲ" ಎಂದು ಧೂಮಾಕ್ಷ ಬೆರಳಾಡಿಸಿದ. ಗುಡ್ಡ ಬಂತು. ಪೇಟೆಬೀದಿಯ ಮೇಲೆ ಬಂದು ಕೂತಿತು. ಅದರ ಮೇಲೆ ಮಾಳಿಂಗನೂ ಇರಲಿಲ್ಲ, ಕುರಿಯೂ ಇರಲಿಲ್ಲ.

ಬೀರವ್ವ ಮತ್ತೆ ಹೋದಳು. "ಎಲ್ಲ ಮೊದಲಿನ ಹಾಗಾಗಲಿ."

"ಯಾರ ಮೊದಲು?" ಎಂದು ಅವನು ನಕ್ಕು, ಬೆರಳಾಡಿಸಿದ. ಅವಳ ಅಜ್ಜನಿಗೂ ಹಿಂದಿನ ಕಾಲದ ನೆಲ ಬಂತು. ಆಗ ಊರಿಗೆ ಬಾವಿಯೇ ತೋಡಿರಲಿಲ್ಲ.

ಕೇಳಿದ್ದು ತಪ್ಪೋ, ಕೊಟ್ಟದ್ದು ತಪ್ಪೋ? ಅವಳಿಗೆ ತಲೆ ಗಿರ್ರೆಂದಿತು. ಮೂರನೆಯ ಸಲ ಹೋದಾಗ ಬಾಯಿ ತೆರೆಯದೆ ಪರಾತವನ್ನೇ ನೋಡುತ್ತ ನಿಂತಳು. ಎಲ್ಲ ಅಡಿಮೇಲಾಗಿತ್ತು. ಹಳ್ಳ ಹುಟ್ಟುವ ಕಾಡಿನ ಮೂಲೆ ಮಾತ್ರ ಅಲುಗಿರಲಿಲ್ಲ. ಅದರ ಮೇಲೆ ತಾಮ್ರದ ಮುಚ್ಚಳ ಮುಚ್ಚಿತ್ತು.

"ಇದು ಯಾರು ಕೇಳಿದ್ದು?"

"ಅದನ್ನು ಕೇಳುವ ಹಾಗಿಲ್ಲ. ಅದು ನನ್ನದು" ಎಂದ ಧೂಮಾಕ್ಷ.

ಬೀರವ್ವನಿಗೆ ಆಗ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ತಲೆ ತಿರುಗುವುದು ನಿಂತಿತು. ಊರಿಗೆ ಬಂದು ಎಲ್ಲರನ್ನೂ ಬಾವಿಗಿಂತಲೂ ಹಳೆಯದಾದ ಕೆರೆ ಏರಿಯ ಮೇಲೆ ಕೂರಿಸಿದಳು. ಮಧ್ಯಾಹ್ನದವರೆಗೂ ಕಿತ್ತಾಡಿದರು. ಕೊನೆಗೆ ಶಂಕ್ರವ್ವನೇ ಹೇಳಿದಳು: "ನಮ್ಮಲ್ಲಿ ಹೊಲ ಪಾಲಾಗುವಾಗ ತಮ್ಮನ ಪಾಲಿನ ಮಾತು ಅಣ್ಣ ಆಡುತ್ತಾನೆ, ಅಣ್ಣನದು ತಮ್ಮ. ತನ್ನದನ್ನು ತಾನೇ ಆಡಿದರೆ ಪಂಚರು ಎಬ್ಬಿಸಿ ಕಳಿಸುತ್ತಾರೆ. ಹಾಗೆ ಮಾಡೋಣ."

ಹುಲಿಗೆಪ್ಪ ಕುರಿಯ ಪರ ನಿಂತ: "ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಕೆರೆಯಂಗಳದ ಹುಲ್ಲು ಇವಳಿಗೆ." ಬೀರವ್ವ ಹೇಳಿದಳು: "ಮಳೆಗಾಲದಲ್ಲಿ ಕೆರೆ ಇವನದು, ಕುರಿ ಆ ಕಡೆ ಸುಳಿಯುವುದಿಲ್ಲ. ಕೊಯ್ಲಾದ ಮೇಲೆ ಶಂಕ್ರಕ್ಕನ ಹೊಲದಲ್ಲಿ ಮಂದೆ ನಿಲ್ಲಿಸುತ್ತೇನೆ. ಹಿಕ್ಕೆ ಬಿದ್ದರೆ ಇರುವ ಹೊಲವೇ ಎರಡರಷ್ಟು ಬೆಳೆದೀತು." ಹಳ್ಳ ಹುಟ್ಟುವ ಆ ಕಾಡು ಉಳಿಯದಿದ್ದರೆ ಇದ್ಯಾವುದೂ ಇಲ್ಲ ಎಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಅಷ್ಟರಲ್ಲಿ ಕರಡಿ ಬಂತು. ಬೀರವ್ವನನ್ನು ಪಕ್ಕಕ್ಕೆ ಕರೆಯಿತು. ಅವಳು ಕದಲಲಿಲ್ಲ. ಅವಳು ಕೂತಲ್ಲೇ, ಎಲ್ಲರೆದುರಿಗೇ ಕರಡಿ ಕೇಳಬೇಕಾಯಿತು: "ನಿನಗೇನು ಬೇಕು?"

ಬೀರವ್ವನ ಗಂಟಲಲ್ಲಿ ಗಂಡನ ಹೆಸರಿತ್ತು. ಅದನ್ನು ನುಂಗಿದಳು. "ಹುಲಿಗೆಪ್ಪನಿಗೆ ತುಂಬಿದ ಕೆರೆ" ಎಂದಳು.

"ಶಂಕ್ರಕ್ಕನಿಗೆ ಗೊಬ್ಬರ" ಎಂದ ಹುಲಿಗೆಪ್ಪ.

"ಬೀರವ್ವನಿಗೆ ಗುಡ್ಡದ ದಾರಿ" ಎಂದಳು ಶಂಕ್ರವ್ವ. "ಕಾಡು ಎಲ್ಲರಿಗೂ" ಎಂದಿತು ಇಡೀ ಏರಿ.

ತನಗಾಗಿ ಕೇಳುವವರು ಒಬ್ಬರೂ ಸಿಗದೆ ಕರಡಿ ಕಕ್ಕಾಬಿಕ್ಕಿಯಾಯಿತು. ಕಿವಿ ಕುಗ್ಗುತ್ತ ಕುಗ್ಗುತ್ತ ಕರಡಿಯ ಕಿವಿಯಷ್ಟೇ ಆದವು. ಅದು ಮೂತಿ ಎತ್ತಿ ಗಾಳಿ ಮೂಸಿ, ಕಾಡಿನ ಕಡೆ ನಡೆದುಬಿಟ್ಟಿತು. ಅರಮನೆಯಲ್ಲಿ ತಾಮ್ರದ ಮುಚ್ಚಳ ಹಾರಿ ಬಿತ್ತು. ಪರಾತದ ಮಣ್ಣು ಬರೀ ಮಣ್ಣಾಯಿತು. ಗುಡ್ಡ ಗುಡ್ಡದ ಜಾಗಕ್ಕೆ ಹೋಯಿತು, ನೀರು ಕೆರೆಗೆ ಇಳಿಯಿತು. ಇದನ್ನೆಲ್ಲ ಕಿಟಕಿಯಿಂದ ಕಂಡ ದೊರೆ ಧೂಮಾಕ್ಷನನ್ನು ರಾಜ್ಯದಿಂದ ಹೊರಹಾಕಿದ. ಆ ನೆಲದ ಮೇಲೆ ಒಮ್ಮೆಯೂ ಕಾಲಿಟ್ಟು ನಡೆಯದ ಮಾಯಾವಿಗೆ ಗಡಿಯ ದಾರಿಯೂ ಗೊತ್ತಿರಲಿಲ್ಲ. ಸಿಕ್ಕವರನ್ನೆಲ್ಲ ಕೇಳುತ್ತ ಕೇಳುತ್ತ ಹೋದ.

ಸಂಜೆಗೆ ಮಾಳಿಂಗ ಕುರಿಗಳ ಹಿಂದೆ ಇಳಿದು ಬಂದ.

"ಎಲ್ಲಿ ಹೋಗಿದ್ದಿರಿ?" ಎಂದಳು ಬೀರವ್ವ.

"ನಾನೆಲ್ಲಿ ಹೋದೆ? ಗುಡ್ಡವೇ ಕಾಲ ಕೆಳಗಿಂದ ಎದ್ದು ಹೋಯಿತು. ನಾನು ನಿಂತಲ್ಲೇ ನಿಂತಿದ್ದೆ. ನೀವೆಲ್ಲ ಎಲ್ಲಿ ಹೋಗಿದ್ದಿರಿ?"

ಅಂದಿನಿಂದ ಆ ಸೀಮೆಯವರು ವರ್ಷಕ್ಕೊಮ್ಮೆ ಏರಿಯ ಮೇಲೆ ಕೂತು, ಒಬ್ಬರ ಪರವಾಗಿ ಇನ್ನೊಬ್ಬರು ಗಂಟಲು ಹರಿದುಕೊಂಡು ಜಗಳವಾಡಿ, ಉಂಡು, ಚೆನ್ನಾಗಿ ಬಾಳಿದರು.