ತೊಟ್ಟಿಲ ಪಾಳಿ

"ಎರಡು."

"ಒಂದು."

ಇಬ್ಬರ ಉತ್ತರವೂ ಒಟ್ಟಿಗೇ ಬಂತು. ಡಾಕ್ಟರ್ ಪೂನಮ್ ಬರೆಯುವುದನ್ನು ನಿಲ್ಲಿಸಿ ಮೊದಲು ಸೌಮ್ಯಾಳನ್ನು, ಆಮೇಲೆ ಅವಳ ಗಂಡ ವಿಶಾಲನನ್ನು ನೋಡಿದರು.

"ಮನ್ಯಾಗ ಮಾತಾಡ್ಕೊಂಡ ಬರ್ರಿ ಅಂದಿದ್ದೆ. ಮಾತಾಡಿಲ್ಲ, ಹೌದಿಲ್ಲೋ?"

ಸೌಮ್ಯಾ ಗಂಡನ ಕಡೆ ತಿರುಗಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಯಾವುದಕ್ಕೂ ಹೀಗೆ ಥಟ್ಟನೆ ಉತ್ತರ ಕೊಟ್ಟವನಲ್ಲ. ಇವತ್ತು ಮಾತ್ರ... ಎಷ್ಟೋ ದಿನದಿಂದ ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡಿದವನ ಹಾಗೆ ಹೇಳಿಬಿಟ್ಟಿದ್ದ.

ದೇಶಪಾಂಡೆ ನಗರದ ಆ ಆಸ್ಪತ್ರೆಯ ಫ್ರೀಜರಿನಲ್ಲಿ ಅವರವು ಎರಡೇ ಭ್ರೂಣ ಉಳಿದಿದ್ದವು. ಈ ಸಲ ಗರ್ಭಕ್ಕೆ ಒಂದನ್ನು ಬಿಡಬೇಕೋ, ಎರಡನ್ನೂ ಬಿಡಬೇಕೋ. ಪ್ರಶ್ನೆ ಅಷ್ಟೇ.

"ಎರಡು ಬಿಟ್ರ ಒಂದರೆ ನಿಲ್ಲೂ ಆಸೆ ಸ್ವಲ್ಪ ಹೆಚ್ಚ. ಇಲ್ಲ ಅನ್ನೂದಿಲ್ಲ," ಅಂದರು ಡಾಕ್ಟರ್. "ಆದ್ರ ಎರಡೂ ನಿಂತ್ರ? ಹೋದ ಸಲ ಅದ ಆತು. ಅವಳಿ ಭಾರ ತಾಳದ ಐದನೇ ತಿಂಗಳದಾಗ ಗರ್ಭದ ಬಾಯಿ ತೆರಕೊಂತು. ನನ್ನ ಕೇಳಿದ್ರ ಒಂದ ಅಂತೇನಿ. ಹೊರೋರು ನೀವು, ನಿರ್ಧಾರ ನಿಮ್ಮದು. ನಾಳೆ ಮುಂಜಾನಿಯೊಳಗ ಫೋನ್ ಮಾಡಿ ಹೇಳ್ರಿ. ಒಮ್ಮೆ ಹೊರಗ ತಗದಮ್ಯಾಲ ಮತ್ತ ಫ್ರೀಜರಿಗೆ ಇಡೂದು ಛಲೋ ಅಲ್ಲ."

ಇಬ್ಬರೂ ತಲೆಯಾಡಿಸಿದರು. ಒಬ್ಬರನ್ನೊಬ್ಬರು ನೋಡಲಿಲ್ಲ.

ಅಲ್ಲಿಂದ ಅವರು ಮನೆಗೆ ಹೋಗುವಂತಿರಲಿಲ್ಲ. ಅಮ್ಮಿನಬಾವಿಯಲ್ಲಿ ವಿಶಾಲನ ಸೋದರತ್ತೆ ಸಂಗವ್ವನ ಮೊಮ್ಮಗಳಿಗೆ ಹೆಸರಿಡುವ ಕಾರ್ಯ. ಧಾರವಾಡದ ಕಡೆಯ ಚಿಗರಿ ಬಸ್ಸು ಹತ್ತಿದರು. ತಮ್ಮ ಮನೆಯಿರುವ ಬೈರಿದೇವರಕೊಪ್ಪ ಬಂದು ಹಿಂದೆ ಸರಿಯಿತು. ಆಗ ಸೌಮ್ಯಾ ಕೇಳಿದಳು.

"ಒಂದ ಯಾಕ?"

"ಡಾಕ್ಟರೂ ಅದನ್ನ ಅಂದ್ರಲ್ಲಾ."

"ಅವರಕಿಂತ ಮೊದಲ ನೀವು ಅಂದ್ರಿ."

ಅವನು ಕೈಯಲ್ಲಿದ್ದ ಟಿಕೆಟ್ಟು ಮಡಚತೊಡಗಿದ.

"ಇನ್ನೊಂದು ಏನ್ ಮಾಡೂದು?"

"ಇರಲಿ. ಮುಂದ..." ಅಂದವನು ಅಲ್ಲಿಗೇ ನಿಲ್ಲಿಸಿದ.

"ನಿಮ್ಮ ಅಂಗಡ್ಯಾಗಿನ ಹತ್ತಿ ಅಲ್ಲರಿ ಅದು, ಗೋದಾಮಿನ್ಯಾಗ ಇಟ್ಟು ಧಾರಣಿ ನೋಡಾಕ."

ವಿಶಾಲನ ಮುಖ ಕಿಟಕಿಯ ಕಡೆ ತಿರುಗಿತು. ಅಮರಗೋಳ ಮಾರ್ಕೆಟ್ಟಿನಲ್ಲಿ ಹತ್ತಿ ವ್ಯಾಪಾರಿಗಳ ಜೊತೆ ದಿನವಿಡೀ ಮಾತಾಡುವ ಮನುಷ್ಯ, ಹೆಂಡತಿಯ ಒಂದು ಮಾತಿಗೆ ಹೀಗೆ ಮುಚ್ಚಿಕೊಳ್ಳುತ್ತಿದ್ದ.

'ಮುಂದ ಅಂದರೆ ಏನು? ಈ ಸಲ ನಿಲ್ಲುವುದಿಲ್ಲ ಅಂತ ಇವರು ಈಗಲೇ ನಂಬಿಬಿಟ್ಟಿದ್ದಾರೆ. ಅದಕ್ಕೇ ಒಂದು ಎತ್ತಿಡುವ ಮಾತು...'

ಹಾಗೆ ಅಂದುಕೊಳ್ಳಲು ಅವಳಿಗೆ ಇನ್ನೊಂದು ಕಾರಣವೂ ಇತ್ತು. ತೊಟ್ಟಿಲು.

ವಿಶಾಲನ ಅಜ್ಜ ಕಲಘಟಗಿಯಿಂದ ತಂದ ಬಣ್ಣದ ತೊಟ್ಟಿಲು ಅದು. ಇಡೀ ಮನೆತನಕ್ಕೆ ಅದೊಂದೇ. ಯಾರ ಮನೆಯಲ್ಲಿ ಕೂಸು ಬರುತ್ತದೋ ಅವರ ಪಾಳಿ. ಹೋದ ಸಲ ಸೌಮ್ಯಾ ಬಸುರಾದಾಗ ಸಂಗವ್ವ ತಾನೇ ಮುಂದಾಗಿ ಕಳಿಸಿದ್ದಳು. ಕೂಸುಗಳು ಉಳಿಯಲಿಲ್ಲ. ತೊಟ್ಟಿಲು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ ಉಳಿಯಿತು. ವಾಪಸು ಕೊಡ್ರಿ ಅಂತ ಯಾರೂ ಕೇಳಲಿಲ್ಲ. ಸಂಗವ್ವನ ಮಗ ಕಪಿಲನಿಗೆ ಮಗಳು ಹುಟ್ಟಿದಾಗಲೂ ಅವರು ಸೀರೆಯ ಜೋಲಿ ಕಟ್ಟಿಕೊಂಡರೇ ಹೊರತು ತೊಟ್ಟಿಲಿನ ಮಾತು ತೆಗೆಯಲಿಲ್ಲ.

ಮೊನ್ನೆ ದೊಡ್ಡ ಪಾತ್ರೆ ತೆಗೆಯಲು ಸೌಮ್ಯಾ ಅಟ್ಟಕ್ಕೆ ಕೈ ಹಾಕಿದರೆ ಅಲ್ಲಿ ಸೀರೆ ಮಾತ್ರ ಮಡಚಿಟ್ಟಿತ್ತು. ಅವಳು ಪಾಠ ಮಾಡಲು ಶಾಲೆಗೆ ಹೋದಾಗ ವಿಶಾಲ ತೊಟ್ಟಿಲು ಒಯ್ದು ಕೊಟ್ಟಿದ್ದ. ಅವನು ಹೇಳಲಿಲ್ಲ. ಅವಳು ಕೇಳಲಿಲ್ಲ. ಆ ರಾತ್ರಿ ಇಬ್ಬರೂ ಎದುರುಬದುರು ಕೂತು ರೊಟ್ಟಿ ತಿಂದರು.

ಅಮ್ಮಿನಬಾವಿಯ ಮನೆಯ ಹೊಸ್ತಿಲ ಹೊರಗೆ ಸೌಮ್ಯಾ ಚಪ್ಪಲಿ ಬಿಡಲು ಹೊತ್ತು ತೆಗೆದುಕೊಂಡಳು. ಒಳಗೆ ತುಂಬ ಹೆಂಗಸರು. ಯಾರು ಏನು ಕೇಳುತ್ತಾರೋ...

"ಬಾರವಾ ಟೀಚರ್," ಸಂಗವ್ವನ ದನಿ ಎಲ್ಲರಿಗಿಂತ ಮುಂದೆ ಬಂತು. "ಹೋಳಿಗಿ ಮಾಡೂಮುಂದ ಬರಬ್ಯಾಡ, ತಿನ್ನೂಮುಂದ ಬಾ. ಯಾವ ಸಾಲ್ಯಾಗ ಕಲಿಸ್ತಾರ ಇದನ್ನ?"

"ದವಾಖಾನಿಗೆ ಹೋಗಿದ್ವಿರಿ ಅತ್ತಿ."

"ಗೊತ್ತೈತಿ, ಬಾ." ಅವಳು ಸೌಮ್ಯಾಳ ರಟ್ಟೆ ಹಿಡಿದು ಸೀದಾ ನಡುಮನೆಗೆ ಕರೆದೊಯ್ದಳು.

ಜಂತಿಗೆ ತೊಟ್ಟಿಲು ತೂಗುತ್ತಿತ್ತು. ಕೆಂಪು, ಹಳದಿ ಬಣ್ಣ, ಪಟ್ಟಿಯ ಮೇಲೆ ಸಾಲು ಬಸವಣ್ಣ. ಸೌಮ್ಯಾಳ ಕಣ್ಣು ಒಂದು ಮೂಲೆಯಲ್ಲಿ ನಿಂತಿತು. ಅಲ್ಲಿ ಮೊದಲು ಒಂದು ಕಡ್ಡಿ ಸೀಳಿತ್ತು. ಈಗ ಹೊಸ ಕಡ್ಡಿ ಇತ್ತು. ಅದರ ಬಣ್ಣ ಉಳಿದವಕ್ಕಿಂತ ತುಸು ಗಾಢ.

"ನಿನ್ನ ಗಂಡ ಮಾಡಿಸಿದ್ದು," ಅಂದಳು ಸಂಗವ್ವ. "ಕಲಘಟಗಿತನಕಾ ಹೊತ್ಕೊಂಡ ಹೋಗಿ ಬಂದಾನ. ಅಲ್ಲೋ, ಕಪಿಲನ ಮಗಳೊಬ್ಬಾಕಿಗಷ್ಟ ಅಂದ್ರ ದಾರ ಕಟ್ಟಿದ್ರೂ ನಡೀತಿತ್ತಲ್ಲೋ ಅಂದೆ. 'ಹಂಗಲ್ಲ ಅತ್ತಿ, ಮುಂದಿನ ಪಾಳಿ ನಮ್ಮದು' ಅಂದ."

ಸೌಮ್ಯಾ ತಿರುಗಿ ನೋಡಿದಳು.

"ನಾ ಬೈದೆ ನೋಡು. ಬಸರಾಗೂಕಿಂತ ಮೊದಲ ಯಾರರೆ ತೊಟ್ಲಾ ಕೇಳ್ತಾರೇನೋ ಹುಚ್ಚಾ, ನಮ್ಮ ಮನಿತನದಾಗ ಯಾರೂ ಕೇಳಿಲ್ಲ ಅಂದೆ."

"ಅದಕ್ಕ ಏನಂದ್ರು?"

"ಏನಂತಾನ? ಕಂಬ ನಿಂತಂಗ ನಿಂತ. ಪಾಳಿ ಬರಕೊಟ್ಟ ಹೊರತು ಅಲ್ಲಾಡೂ ಪೈಕಿ ಅಲ್ಲ ಅವ. ನಿನ್ನೆ ಕಪಿಲನ ಹೆಂಡ್ತಿ ತಂಗಿ ಕೇಳಿದ್ಲು. ಇಲ್ಲವಾ, ಆಗಲೇ ಒಬ್ಬರು ಹೇಳಿಟ್ಟಾರ ಅಂದೇನಿ."

ಅಷ್ಟರಲ್ಲಿ ಹಾಡು ಶುರುವಾಯಿತು. ಕೂಸನ್ನು ತೊಟ್ಟಿಲ ಕೆಳಗಿನಿಂದ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಬೇಕು. ಸಂಗವ್ವ ಒಂದು ಬದಿಗೆ ತಾನು ಕೂತು, ಎದುರಿಗೆ ಸೌಮ್ಯಾಳನ್ನು ಕೂರಿಸಿದಳು. ಯಾರೋ ಏನೋ ಅನ್ನಲು ಬಾಯಿ ತೆರೆದರು. ಸಂಗವ್ವ ಅವರನ್ನು ಒಮ್ಮೆ ನೋಡಿದಳು, ಬಾಯಿ ಮುಚ್ಚಿತು.

ಬೆಚ್ಚಗಿನ ಸಣ್ಣ ಭಾರ ಸೌಮ್ಯಾಳ ಕೈಗೆ ಬಂತು. ತಲೆಯೆತ್ತಿದಾಗ ಬಾಗಿಲ ಬಳಿ ಗಂಡಸರ ನಡುವೆ ವಿಶಾಲ ಕಂಡ. ಅವನು ಕೂಸನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ.

ಸಂಜೆ ಧಾರವಾಡಕ್ಕೆ ವಾಪಸು ಬಂದು ಚಿಗರಿ ನಿಲ್ದಾಣದಲ್ಲಿ ನಿಂತರು. ಬಸ್ಸು ಬಂತು, ಬಾಗಿಲು ತೆರೆಯಿತು. ವಿಶಾಲ ಹೆಜ್ಜೆ ಇಟ್ಟ.

"ಮುಂದಿನದಕ್ಕ ಹೋಗೂಣ," ಅಂದಳು ಸೌಮ್ಯಾ.

ಬಸ್ಸು ಹೋಯಿತು.

"ಪಾಳಿ ಹಿಡದ ಬಂದೀರಂತ."

"ಅತ್ತಿ ಹೊಟ್ಟ್ಯಾಗ ಒಂದ ಮಾತು ನಿಲ್ಲೂದಿಲ್ಲ."

"ನಿಮ್ಮ ಹೊಟ್ಟ್ಯಾಗಿಂದ ಒಂದೂ ಹೊರಗ ಬರೂದಿಲ್ಲ."

ಅವನು ನಗಲು ನೋಡಿದ, ಆಗಲಿಲ್ಲ.

"ಅವತ್ತ ದವಾಖಾನ್ಯಾಗ ನಿನ್ನ ಒಳಗ ಒಯ್ದ ಮ್ಯಾಲ ನರ್ಸ್ ಹೊರಗ ಬಂದು ಒಂದ ಗಂಟು ಕೊಟ್ಲು. ನಿನ್ನ ಕರ್ಚೀಫಿನ್ಯಾಗ ನಿನ್ನ ಕೈಯಾನ ಬಳಿ, ತಾಳಿ, ಕಿವ್ಯಾನವು. ಏನೂ ಹೇಳಲಿಲ್ಲ, ಕೊಟ್ಟು ಹೋದ್ಲು. ಆಪರೇಷನ್ನಿಗೆ ಒಯ್ಯೂಮುಂದ ತಗಸ್ತಾರ ಅಂತ ನನಗೇನ ಗೊತ್ತು? ನಾ ಅನ್ಕೊಂಡೆ... ನೀ ಇಲ್ಲ ಅಂತ. ಡಾಕ್ಟರ್ ಬಂದು ಹೇಳೂತನಕ ಅದನ್ನ ಹಿಡಕೊಂಡ ನಿಂತಿದ್ದೆ."

ಅದಾಗಿ ಎರಡು ವರ್ಷ ಒಂದೇ ಮನೆಯಲ್ಲಿದ್ದೂ ಸೌಮ್ಯಾಳಿಗೆ ಇದು ಗೊತ್ತಿರಲಿಲ್ಲ.

"ಆ ಗಂಟು ಇನ್ನೊಮ್ಮೆ ನನ್ನ ಕೈಗೆ ಬರೂದು ಬ್ಯಾಡ. ಕೂಸು ಬೇಕು ಸೌಮ್ಯಾ, ನನಗೂ ಬೇಕು. ನಿನ್ನ ಕಳಕೊಂಡು ಬ್ಯಾಡ. ಒಂದ ಅಂದದ್ದು ಅಷ್ಟಕ್ಕ."

"ಮತ್ತ ತೊಟ್ಲಾ ಹೇಳದ ಯಾಕ ಒಯ್ದ್ರಿ?"

"ನೀ ಅಟ್ಟದ ಕಡೆ ನೋಡೂದ ಬಿಟ್ಟಿದ್ದಿ. ಹೇಳಿದ್ರ ಅಳ್ತಿ ಅಂತ..."

"ಅತ್ತಿದ್ರ ಅಳ್ತಿದ್ದೆ. ಅಷ್ಟ ಅಲ್ಲೇನು?" ಅವಳು ಪೂರ್ತಿ ಅವನ ಕಡೆ ತಿರುಗಿದಳು. "ನಾ ಎರಡ ಅಂದದ್ದು ಯಾಕ ಗೊತ್ತೈತೇನ್ರಿ? ಅವತ್ತಿಂದ ನೀವು ಮಾತ ಬಿಟ್ರಿ. ನಿಮಗ ಸಾಕಾಗೇತಿ ಅನ್ಕೊಂಡೆ. ಇನ್ನೊಮ್ಮೆ ದವಾಖಾನಿಗೆ ಬರ್ರಿ ಅಂತ ಕರಿಯೂ ಧೈರ್ಯ ನನಗ ಉಳದಿಲ್ಲ. ಇದ್ದ ಎರಡೂ ಒಮ್ಮೆಲೆ ಬಿಟ್ರ... ಆದ್ರ ಆತು, ಇಲ್ಲಂದ್ರ ಮುಗೀತು ಅಂತ."

ಇನ್ನೊಂದು ಬಸ್ಸು ಬಂದು ಹೋಯಿತು.

"ಆ ಒಂದು ನಿಲ್ಲಲಿಲ್ಲ ಅಂದ್ರ?" ಅವಳು ಕೇಳಿದಳು.

"ಆಗ ನಾ ಕರೀತೇನಿ. ನೀ ಕರಿಯೂದು ಬ್ಯಾಡ."

ಸೌಮ್ಯಾ ಸೆರಗಿನಿಂದ ಮುಖ ಒರೆಸಿಕೊಂಡು ಫೋನು ತೆಗೆದಳು. "ಡಾಕ್ಟರ್, ಸೌಮ್ಯಾ ಮಾತಾಡೂದ್ರಿ. ಒಂದು."

"ನಿಮ್ಮ ಯಜಮಾನ್ರು ಏನಂತಾರ?"

ಅವಳು ಫೋನನ್ನು ಅವನ ಕಿವಿಗೆ ಹಿಡಿದಳು.

"ಒಂದ್ರಿ," ಅಂದ ವಿಶಾಲ. "ಹೌದ್ರಿ, ಮಾತಾಡಿದ್ವಿ."

ಮುಂದಿನ ಬಸ್ಸಿನಲ್ಲಿ ಇಬ್ಬರಿಗೂ ಜೊತೆಗೆ ಜಾಗ ಸಿಕ್ಕಿತು. ಬಸ್ಸು ನವಲೂರು ದಾಟಿತು. ಅವಳ ಕೈ ಅವನ ಕೈಯಲ್ಲಿತ್ತು. ಅವನ ಹೆಬ್ಬೆರಳು ಅವಳ ಬಳೆಗಳನ್ನು ಒಂದೊಂದಾಗಿ ಮುಟ್ಟುತ್ತಿತ್ತು, ಎಲ್ಲವೂ ಇವೆಯೇ ಎಂದು ನೋಡುವವನ ಹಾಗೆ.

"ಆ ಇನ್ನೊಂದು," ಅಂದಳು ಸೌಮ್ಯಾ ಮೆಲ್ಲಗೆ. "ಫ್ರೀಜರಿನ್ಯಾಗ ಒಂದ ಉಳೀತೈತಲ್ರಿ. ಪಾಪ."

"ಅದರ ಸುದ್ದಿನೂ ಅತ್ತಿಗೆ ಹೇಳೇನಿ."

"ಏನಂತ?"

ವಿಶಾಲನ ಹೆಬ್ಬೆರಳು ಕೊನೆಯ ಬಳೆಯ ಮೇಲೆ ನಿಂತಿತು.

"ನಮ್ಮವು ಎರಡ ಪಾಳಿ ಅಂತ."