ಜೇಬಿನಲ್ಲಿದ್ದ ಎಡಗೈ

"ಮೊದ್ಲು ಜೇಬಿಂದ ಕೈ ತೆಗಿ! ದೊಡ್ಡೋರ ಮುಂದೆ ನಿಲ್ಲೋ ರೀತಿನಾ ಇದು? ಮನೇಲಿ ಯಾರೂ ಬುದ್ಧಿ ಹೇಳ್ಲಿಲ್ವಾ?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಒಬ್ಬ ಕಿಸಕ್ಕೆಂದ.

ಹಾಗೆ ಕಿರುಚಿದವಳು ಆ ನಿಯಾನ್ ಬೋರ್ಡ್ ಅಂಗಡಿಯವರ ಮಗಳು. ಬೋರ್ಡಿಗೆ ಅಕ್ಷರ ಬರೆಯುವುದು ಅವಳ ಕೆಲಸ. ಕರೆಂಟಿನ ಮೇಜಿನ ಹತ್ತಿರ ಅಪ್ಪ ಅವಳನ್ನು ಸುಳಿಯಗೊಡುತ್ತಿರಲಿಲ್ಲ.

ಎದುರಿಗಿದ್ದವನು ವೆಲ್ಡಿಂಗ್ ಕೆಲಸದವನು. ಮನೆಯಲ್ಲೇ ಮಿಂಚು ಹೊಡೆಯುವ ಯಂತ್ರ ಕಟ್ಟುವ ಹುಚ್ಚು ಅವನಿಗೆ. ಅದಕ್ಕೆ ಹಳೆಯ ಕಾಲದ ನಿಯಾನ್ ಟ್ರಾನ್ಸ್‌ಫಾರ್ಮರೇ ಆಗಬೇಕು. ಊರಿನ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಕೊನೆಗೆ ಇಲ್ಲಿಗೆ ಬಂದು, ಅಪ್ಪ ಟ್ಯೂಬ್ ಉರಿಸಿ ನೋಡುತ್ತಿದ್ದ ಮೇಜಿನ ಮುಂದೆ ಎಡಗೈಯನ್ನು ಜೇಬಿಗೆ ತುರುಕಿ ನಿಂತಿದ್ದ.

"ಸೊಕ್ಕಿನೋರಿಗೆ ನಮ್ಮಲ್ಲಿ ಮಾಲಿಲ್ಲ. ಹೊರಡು!"

ಅವನ ಕಿವಿ ಕೆಂಪಾಯಿತು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ, ಒಂದು ಮಾತೂ ಆಡದೆ ರಸ್ತೆ ದಾಟಿ ಹೋಗಿಬಿಟ್ಟ.

ಬಡವನ ಕೈ ಎಲ್ಲಿದ್ದರೂ ತಪ್ಪೇ ಈ ಲೋಕಕ್ಕೆ! ಚಾಚಿದರೆ ಭಿಕ್ಷುಕ, ಎತ್ತಿದರೆ ರೌಡಿ, ಜೇಬಿಗಿಟ್ಟರೆ ಸೊಕ್ಕು!

ಅಪ್ಪ ಸ್ವಿಚ್ ಆರಿಸಿ ಕನ್ನಡಕ ತೆಗೆದರು.

"ಎಂಥ ಕೆಲಸ ಮಾಡ್ದೆ ಪುಟ್ಟಿ... ಈ ಮೇಜಿನ ಮೇಲೆ ಹತ್ತು ಸಾವಿರ ವೋಲ್ಟ್ ಇತ್ತು. ಮರೆತು ಎರಡೂ ಕೈ ಚಾಚಿದ್ರೆ, ಕರೆಂಟು ಈ ಕೈಯಿಂದ ಆ ಕೈಗೆ ಎದೆ ದಾಟ್ಕೊಂಡೇ ಹೋಗತ್ತೆ. ಅದಕ್ಕೇ ಬಲ್ಲೋನು ಒಂದು ಕೈ ಜೇಬಲ್ಲಿ ಇಟ್ಕೋತಾನೆ. ಅವನು ನಂಗೆ ಅವಮಾನ ಮಾಡ್ಲಿಲ್ಲ ಕಣೇ. ನನ್ನ ಕೆಲಸಕ್ಕೆ ಮರ್ಯಾದೆ ಕೊಟ್ಟ!"

ಅವಳು ನಾಲಿಗೆ ಕಚ್ಚಿಕೊಂಡಳು. 'ಅಯ್ಯೋ... ನನ್ನ ನಾಲಿಗೆಗೆ ಬೆಂಕಿ ಬೀಳ!'

ಮಾರನೇ ದಿನ, ಅಟ್ಟದ ಮೇಲಿದ್ದ ಕೊನೆಯ ಹಳೇ ಟ್ರಾನ್ಸ್‌ಫಾರ್ಮರನ್ನು ಮಗುವಿನಂತೆ ಎತ್ತಿಕೊಂಡು, ವೆಲ್ಡಿಂಗ್ ಶಾಪಿನಲ್ಲಿ ವಿಳಾಸ ಕೇಳಿಕೊಂಡು, ಏದುಸಿರು ಬಿಡುತ್ತ ಅವನ ಬಾಗಿಲಲ್ಲಿ ನಿಂತಳು.

"ತಪ್ಪಾಯ್ತು..."

"ಅದು ಆಮೇಲೆ. ಮೊದ್ಲು ಭಾರ ಇಳಿಸಿ!" ಅವನು ಓಡಿ ಬಂದು ಎತ್ತಿಕೊಂಡ.

ಒಳಗೆ ಕಾಲಿಟ್ಟವಳು ಸುತ್ತ ನೋಡಿದಳು. ಆಳೆತ್ತರದ ಪೈಪಿಗೆ ಸುತ್ತಿದ ತಾಮ್ರದ ತಂತಿ... ಎಲ್ಲೂ ಎಳೆಯ ಮೇಲೆ ಎಳೆ ಬಿದ್ದಿಲ್ಲ! ಪಕ್ಕದಲ್ಲಿ ಉಪ್ಪುನೀರು ತುಂಬಿದ ಗಾಜಿನ ಬಾಟಲಿಗಳ ಸಾಲು.

"ಇದೇನು, ಷರಬತ್ತಿನ ಅಂಗಡಿನಾ?"

"ಕರೆಂಟ್ ತುಂಬಿಡೋ ಕೆಪಾಸಿಟರು. ಇಷ್ಟು ವೋಲ್ಟ್ ತಡೆಯೋದು ಎಲ್ಲೂ ಸಿಗ್ಲಿಲ್ಲ. ನಾನೇ ಮಾಡ್ಕೊಂಡೆ."

"ಇಷ್ಟೆಲ್ಲ ಒಬ್ರೇನಾ?"

"ಬೈಯೋಕೆ ಯಾರೂ ಇರ್ಲಿಲ್ವಲ್ಲ, ಬೇಗ ಆಯ್ತು."

ನಗು, ಅಳು ಎರಡೂ ಒಟ್ಟಿಗೆ ಬಂದವು ಅವಳಿಗೆ.

ತಂತಿಗಳನ್ನು ಜೋಡಿಸಿ, ಸೀಮೆಸುಣ್ಣದ ಗೆರೆ ಎಳೆದು, ಅವಳನ್ನು ಅದರಾಚೆ ನಿಲ್ಲಿಸಿದ. ಮೇನ್ ಸ್ವಿಚ್ ಹಾಕಿದ. ಎಡಗೈ ಜೇಬಿಗಿಳಿಯಿತು.

"ಯಾವಾಗ ಹೊರಗೆ ಬರತ್ತೆ ಈ ಕೈ?"

"ಮೇನ್ ಸ್ವಿಚ್ ಆಫ್ ಆದ್ಮೇಲೆ. ಅಲ್ಲೀವರೆಗೂ ದೇವ್ರೇ ಬಂದು ಕೈ ಕೊಡು ಅಂದ್ರೂ ಇಲ್ಲ!"

ಬಲಗೈಯಿಂದ ಗುಂಡಿ ಒತ್ತಿದ.

ಚಟ್... ಚಟಚಟಚಟ! ನೇರಳೆ ಮಿಂಚು ಕೋಣೆಯ ತುಂಬ ಕವಲೊಡೆಯಿತು. ಅವಳು ನೋಡಿದ್ದು ಮಿಂಚನ್ನಲ್ಲ, ಅದರ ಬೆಳಕಿನಲ್ಲಿ ಅವನ ಮುಖವನ್ನು. 'ಇಂಥವನನ್ನ ಹೊರಡು ಅಂದೆನಲ್ಲ...'

ಗುಂಡಿ ಬಿಟ್ಟ. ಮಿಂಚು ನಿಂತಿತು. ಗೋಡೆಯ ಮೇಲೆ ಮೇನ್ ಸ್ವಿಚ್ಚಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

"ರೀ..." ಅವಳು ಗೆರೆಯ ಅಂಚಿನವರೆಗೆ ಬಂದಳು. "ಆ ಕೈ ತೆಗಿ ಅಂತ ಎಲ್ಲರ ಮುಂದೆ ಕಿರುಚಿದ್ದೆ. ಈಗ ಮೆತ್ತಗೆ ಕೇಳ್ತೀನಿ... ಅದನ್ನ ನನ್ನ ಕೈಲಿ ಇಡ್ತೀರಾ? ಇವತ್ತಿಗೆ ಮಾತ್ರ ಅಲ್ಲ... ಯಾವಾಗ್ಲೂ?"

ಅವನು ಅವಳನ್ನೇ ನೋಡಿದ.

ನಿನ್ನೆಯ ಹಾಗೇ ಕಿವಿ ಕೆಂಪಾಯಿತು. ನಿನ್ನೆಯ ಹಾಗೇ ಉತ್ತರ ಕೊಡದೆ, ಬೆನ್ನು ತಿರುಗಿಸಿ ನಡೆದುಬಿಟ್ಟ...

ಮೇನ್ ಸ್ವಿಚ್ಚಿನ ಕಡೆಗೆ.