ಎಡೆಯ ಬಾಗಿಲ ಹಿಂದೆ ಮಾವನ ದನಿ

“ಹಿರಿಯರಿಗೆ ಎಡೆ ಇಡೋ ದಿನಾನೂ ಆ ವೈರ್ ಜೊತೇಲೇ ಗುದ್ದಾಡ್ಬೇಕೇನಮ್ಮ?”

ಅತ್ತೆ ವನಜಮ್ಮನವರ ಮಾತಿಗೆ ಟಿವಿಯ ಹಿಂದಿದ್ದ ಸ್ವರ್ಣಲತಾಳ ಕೈ ಅಲ್ಲೇ ನಿಂತಿತು. ಗುಬ್ಬಿಯ ಆ ಮನೆಗೆ ಸಂಜೆ ನೆಂಟರು ಬರುವವರಿದ್ದರು. ಮನೆಯ ಹಳೇ ವಿಡಿಯೋಗಳೆಲ್ಲ ಕಂಪ್ಯೂಟರಿಗೆ ಸೇರಿದ್ದವು. ಆ ಕಂಪ್ಯೂಟರನ್ನು ನಡುಮನೆಯ ಟಿವಿಗೂ ಹೊಸ ಹೋಂ ಥಿಯೇಟರಿಗೂ ಜೋಡಿಸಿಡು ಎಂದು ಹೇಳಿ ಗಂಡ ರವೀಶ್ ತುಮಕೂರಿಗೆ ಡ್ಯೂಟಿಗೆ ಹೋಗಿದ್ದ. ಚಿತ್ರ ಬಂದರೆ ಸದ್ದಿಲ್ಲ, ಸದ್ದು ಬಂದರೆ ಚಿತ್ರವಿಲ್ಲ... ಅಂತೂ ಎರಡೂ ಬಂದವು ಎನ್ನುವಷ್ಟರಲ್ಲಿ ಕರೆಂಟೇ ಹೋಯಿತು. ಒಳಕೋಣೆಯ ಕಂಪ್ಯೂಟರ್ ಮಾತ್ರ ಯುಪಿಎಸ್ ಬ್ಯಾಟರಿ ಮೇಲೆ ವಿಡಿಯೋಗಳನ್ನು ಒಂದರ ಹಿಂದೊಂದು ಓಡಿಸುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಅವಳಿಗೆ ಮರೆತೇಹೋಯಿತು.

ಮನಸ್ಸು ಅಲ್ಲಿದ್ದರೆ ತಾನೇ... ಸಕ್ಕರೆ ಕಾಯಿಲೆಯ ಮಾವ ಗುರುಸಿದ್ದಯ್ಯ ತೀರಿಕೊಳ್ಳುವ ಹಿಂದಿನ ದಿನ ಕಜ್ಜಾಯ ಕೇಳಿದ್ದರು. ಡಾಕ್ಟರ ಮಾತಿಗೆ ಹೆದರಿ ಅವಳು ಕೊಟ್ಟಿರಲಿಲ್ಲ. ಬಾಯಿಬಿಟ್ಟು ಕೇಳಿದವರನ್ನು ಬರಿಬಾಯಲ್ಲಿ ಕಳಿಸಿದವಳು ಎಂದು ಊರೆಲ್ಲ ಹೇಳಿಕೊಂಡು ಬಂದ ಅತ್ತೆ, ಅಂದಿನಿಂದ ಅವಳ ಕೈಯ ಅನ್ನ ಮುಟ್ಟಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಎರಡು ಒಲೆ! ಇವತ್ತಾದರೂ ತಾನು ಬಡಿಸಿದ್ದನ್ನು ಉಂಡಾರೇ ಎಂಬ ಒಂದೇ ಆಸೆ ಅವಳನ್ನು ಬೆಳಗಿನಿಂದ ನಿಂತಲ್ಲಿ ನಿಲ್ಲಗೊಟ್ಟಿರಲಿಲ್ಲ.

ದೀಪ ಹಚ್ಚಿ, ನಡುಮನೆಯಲ್ಲಿ ಮಾವನ ಫೋಟೋ ಮುಂದೆ ಎಲೆ ಹಾಕಿ ಎಡೆ ಬಡಿಸಿದರು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಇಬ್ಬರೂ ಜಗಲಿಯ ಮೇಲೆ ಕುಳಿತರು.

ಅಷ್ಟರಲ್ಲಿ ಕರೆಂಟ್ ಬಂತು.

“ವನಜಾ... ಏ ವನಜಾ, ಎಲ್ಲೋದೆ? ಬಾ ಇಲ್ಲಿ.”

ಮುಚ್ಚಿದ ಬಾಗಿಲ ಆಚೆ ಗುರುಸಿದ್ದಯ್ಯನವರ ದನಿ!

“ಬಂದೆ ಇರಿ...” ಎನ್ನುತ್ತಾ ವನಜಮ್ಮ ಸೆರಗು ಹೊದ್ದು ಎದ್ದೇಬಿಟ್ಟರು. ನಿಲ್ಲಿಸದ ಕಂಪ್ಯೂಟರ್ ಈಗ ನೆನಪಾಗಿ, ಇನ್ನು ಈ ಮನೆಯಲ್ಲಿ ತನಗೆ ಉಳಿಗಾಲವಿಲ್ಲ ಎಂದುಕೊಂಡು ಸ್ವರ್ಣಲತಾ ಹಿಂದೆ ಓಡಿದಳು.

ಟಿವಿಯಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಮಾವ ಕಜ್ಜಾಯದ ತಟ್ಟೆಗೆ ಕೈ ಚಾಚಿದ್ದಾರೆ. ಬಳೆ ತೊಟ್ಟ ಕೈಯೊಂದು ಬಂದು ತಟ್ಟೆಯನ್ನೇ ಕಿತ್ತುಕೊಂಡಿತು. ವನಜಮ್ಮನವರದೇ ಕೈ.

“ಬ್ಯಾಡ ಕಣ್ರೀ... ನಂಗೆ ನೀವು ಬೇಕು.”

“ಆಯ್ತು ಬುಡೇ,” ಎಂದು ಮಾವ ನಗುತ್ತಿದ್ದರು.

ವನಜಮ್ಮ ಟಿವಿಯ ಮುಂದೆಯೇ ನೆಲಕ್ಕೆ ಕೂತುಬಿಟ್ಟರು. ಸ್ವರ್ಣಲತಾ ಗಾಬರಿಯಿಂದ ಸ್ವಿಚ್ಚಿಗೆ ಕೈ ಹಾಕಿದಳು.

“ಆರಿಸ್ಬ್ಯಾಡ...” ಟಿವಿಯನ್ನೇ ನೋಡುತ್ತಿದ್ದ ಅತ್ತೆ ಮೆಲ್ಲಗೆ ಕೇಳಿದರು, “ನೀನೂ ಅದಕ್ಕೇ ಅಲ್ವೇನೇ, ಅವತ್ತು ಬ್ಯಾಡ ಅಂದಿದ್ದು?”

ಸ್ವರ್ಣಲತಾ ಹೌದೆಂದು ತಲೆಯಾಡಿಸಿದಳು.

“ನೆಂಟರು ಬರೋಗಂಟ ನನ್ ಕೈಲಿ ತಡ್ಯಕ್ಕಾಗಲ್ಲ. ಎಲೆ ಹಾಕಿ ಬಡಿಸು.”

ಬಡಿಸುವ ಅವಸರದಲ್ಲಿ ಅವಳು ಅನ್ನವನ್ನು ಎಲೆಯಾಚೆ ಚೆಲ್ಲಿದಳು. ಅತ್ತೆ ಚೆಲ್ಲಿದ ಅಗುಳನ್ನೂ ಎಲೆಗೆ ಎಳೆದುಕೊಂಡು ಕಲೆಸತೊಡಗಿದರು.